ಎಡಗಡೆಯ ಬಾಗಿಲು ಬಡಿದರೆ ತಾಳ ಹಾಕಬೇಡಿ

ಚಿತ್ರಮಂದಿರಗಳಿಗೆ ಪರವಾನಗಿ ಕೊಡುವ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ಬರುವ ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಸಿಂಧನೂರಿನ ಒಂದು ಚಿತ್ರಮಂದಿರದಲ್ಲಿ ದೊಡ್ಡ ನಟರೊಬ್ಬರ ಹೊಸ ಸಿನಿಮಾ ಬಿಡುಗಡೆಯಾಗುತ್ತದೆ. ಆ ಹೊತ್ತಿಗೆ ಒಳಗೆ ಸುಮಾರು ಏಳುನೂರು ಜನ ಇರುತ್ತಾರೆ. ಪರದೆಯ ಪಕ್ಕದಲ್ಲಿರುವ ಎಡಗಡೆಯ ಬಾಗಿಲಿಗೆ ಹೊರಗಿನಿಂದ ಸರಪಳಿ ಬಿದ್ದಿರುತ್ತದೆ. ಸರಪಳಿ ಬಿಚ್ಚಿದರೂ ಆ ಬಾಗಿಲು ತೆರೆಯುವುದಿಲ್ಲ. ಏಕೆಂದರೆ ಅದರ ಎರಡೂ ಕದಗಳಿಗೆ ಅಡ್ಡಲಾಗಿ, ಒಳಮೈಗೆ, ನಿಮ್ಮ ಕಚೇರಿಯ ಆದೇಶದಂತೆ ಬರೆಸಿದ ಫಲಕವನ್ನು ಮೊಳೆ ಹೊಡೆದು ಕೂರಿಸಲಾಗಿದೆ. ‘ಪ್ರೇಕ್ಷಕರು ದಯವಿಟ್ಟು ಶಾಂತತೆ ಕಾಪಾಡಬೇಕು’ ಎಂದು ಅದರ ಮೇಲೆ ಬರೆದಿದೆ. ಈ ಬಾಗಿಲಿನ ವಿಚಾರವನ್ನು ನಿಮಗೆ ಮೂರು ಸಲ ಅರ್ಜಿ ಬರೆದು ತಿಳಿಸಿದ್ದೇನೆ. ನಾಲ್ಕನೆಯದನ್ನು ಬಹಿರಂಗ ಪತ್ರವಾಗಿ ಊರವರ ಮುಂದೆ ಬರೆಯುತ್ತಿದ್ದೇನೆ, ನಾಳೆ ಯಾರೂ ‘ನಮಗೆ ಗೊತ್ತಿರಲಿಲ್ಲ’ ಎನ್ನಬಾರದು ಎಂಬ ಒಂದೇ ಕಾರಣಕ್ಕೆ.

ಚಿತ್ರಮಂದಿರದ ಹೆಸರನ್ನು ಬೇಕೆಂದೇ ಬರೆದಿಲ್ಲ. ಬರೆದರೆ ಮಾಲೀಕನಿಗೊಂದು ನೋಟಿಸು ಕೊಟ್ಟು, ಕೈ ತೊಳೆದುಕೊಂಡು ಊಟಕ್ಕೆ ಹೋಗಲು ನಿಮಗೆ ಅನುಕೂಲವಾಗಿಬಿಡುತ್ತದೆ. ಯಾವುದೆಂದು ನಿಮಗೆ ಗೊತ್ತು. ನನ್ನ ಮೂರೂ ಅರ್ಜಿಗಳಲ್ಲಿ ಹೆಸರಿದೆ, ಓಣಿಯ ಗುರುತಿದೆ, ಬಾಗಿಲುಗಳ ನಕ್ಷೆಯೂ ಇದೆ. ನಕ್ಷೆಯನ್ನು ನನ್ನ ಮಗಳು ಸ್ಕೇಲು ಹಿಡಿದು ನೀಟಾಗಿ ಬರೆದುಕೊಟ್ಟಿದ್ದಾಳೆ.

ನಾನು ಯಾರೆಂದು ಹೇಳಬೇಕಲ್ಲವೇ? ನನ್ನ ಹೆಸರು ಅಯ್ಯಪ್ಪ. ಮನೆ ಮಸ್ಕಿಯಲ್ಲಿ. ಇಪ್ಪತ್ತಾರು ವರ್ಷ ಅದೇ ಚಿತ್ರಮಂದಿರದಲ್ಲಿ ಗೇಟ್‌ಕೀಪರ್ ಆಗಿದ್ದೆ. ಬೆಳಗಿನ ಬಸ್ಸಿಗೆ ಮಸ್ಕಿ ಬಿಟ್ಟು ಸಿಂಧನೂರಿಗೆ ಬಂದು ಟಿಕೆಟ್ ಹರಿಯುವುದು, ಕತ್ತಲಲ್ಲಿ ಬ್ಯಾಟರಿ ಬಿಟ್ಟು ಸೀಟು ತೋರಿಸುವುದು, ಗಲಾಟೆ ಮಾಡುವವರನ್ನು ಸುಮ್ಮನಿರಿಸುವುದು ನನ್ನ ಕೆಲಸ. ನನ್ನ ಹೆಂಡತಿ ಪಕೀರಮ್ಮ ಅಲ್ಲೇ ಕಸ ಗುಡಿಸುತ್ತಾಳೆ. ಮಗಳು ಅನುಪಮಾ ಲಿಂಗಸುಗೂರಿನಲ್ಲಿ ಹೈಸ್ಕೂಲು ಕನ್ನಡ ಶಿಕ್ಷಕಿ. ಈ ಪತ್ರದಲ್ಲಿ ಕಾಗುಣಿತ ಸರಿಯಾಗಿದ್ದರೆ ಅದು ಅವಳದು, ಸಿಟ್ಟು ಮಾತ್ರ ನನ್ನದು. ‘ಅಪ್ಪಾ, ಇಷ್ಟು ಖಾರ ಬ್ಯಾಡ, ಸಾಹೇಬ್ರು ಓದಂಗಿಲ್ಲ’ ಎಂದು ನಾಲ್ಕು ಸಾಲು ಹೊಡೆದು ಹಾಕಿದ್ದಾಳೆ. ಸಪ್ಪೆಯಾಗಿದ್ದ ಮೂರು ಅರ್ಜಿಗಳನ್ನು ಸಾಹೇಬರು ಓದಿದರೇ ಎಂದು ನಾನು ಕೇಳಿದೆ. ಆಮೇಲೆ ಅವಳು ಪೆನ್ನು ಕೆಳಗಿಟ್ಟಳು.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಸೀಟಿ ಹೊಡೆಯುವವರ ಮೇಲೆ ನನಗೆ ಹಗೆಯಿಲ್ಲ. ವಾರವಿಡೀ ಗದ್ದೆಯ ಕೆಸರಿನಲ್ಲಿ, ರೈಸ್‌ಮಿಲ್ಲಿನ ತೌಡಿನಲ್ಲಿ, ಗ್ಯಾರೇಜಿನ ಎಣ್ಣೆಯಲ್ಲಿ ದುಡಿದ ಹುಡುಗರು ಮೂರು ತಾಸು ಕೂಗಲಿ ಬಿಡಿ. ಕೂಗದೆ ಸಿನಿಮಾ ನೋಡುವುದು ನಮ್ಮ ಕಡೆ ಉಪ್ಪಿಲ್ಲದ ಊಟ. ಗಲಾಟೆ ಮಾಡುವವರನ್ನು ಹೇಗೆ ಸಂಭಾಳಿಸಬೇಕು ಎಂಬುದು ನನಗೆ ಗೊತ್ತಿತ್ತು. ಬ್ಯಾಟರಿಯ ಬೆಳಕನ್ನು ಮುಖಕ್ಕೆ ಬಿಡಬಾರದು. ಮುಖಕ್ಕೆ ಬಿಟ್ಟರೆ ಹುಡುಗ ತಾನೇ ಹೀರೋ ಅಂದುಕೊಂಡು ಇನ್ನಷ್ಟು ಏರುತ್ತಾನೆ. ಕಾಲಿಗೆ ಬಿಡಬೇಕು. ಹರಿದ ಚಪ್ಪಲಿ ನಾಲ್ಕು ಜನಕ್ಕೆ ಕಂಡ ಕೂಡಲೇ ಕಾಲು ಒಳಗೆ ಎಳೆದುಕೊಂಡು ಕೂರುತ್ತಾನೆ. ಆಗ ಬಗ್ಗಿ ಕಿವಿಯಲ್ಲಿ, ‘ನೀ ಸಾಲಗುಂದದಾವ ಅಲ್ಲೇನು? ನಿಮ್ಮಪ್ಪ ಸೋಮವಾರ ಸಿಗ್ತಾನ ನನಗ. ಏನ್ ಹೇಳ್ಲಿ ಅವಗ?’ ಎಂದರೆ ಸಾಕು. ಇಂಟರ್ವಲ್‌ನಲ್ಲಿ ಅವನೇ ಬಂದು ‘ಕಾಕಾ, ಹೇಳಬ್ಯಾಡ’ ಎಂದು ಒಗ್ಗರಣೆ ಮಿರ್ಚಿಯ ತಟ್ಟೆ ನನ್ನ ಮುಂದಿಡುತ್ತಿದ್ದ.

ಇನ್ನು ಸಂಸಾರಸ್ಥರ ಗಲಾಟೆ. ಪರದೆಯ ಮೇಲೆ ತಾಯಿಯೊಬ್ಬಳು ಕೊನೆಯುಸಿರು ಎಳೆಯುತ್ತಿದ್ದರೆ, ಬಾಲ್ಕನಿಯಲ್ಲಿ ಜಮೀನುದಾರರೊಬ್ಬರು ಫೋನಿನಲ್ಲಿ ‘ಸೋನಾ ಮಸೂರಿ ಈಗ ಕೊಡಬ್ಯಾಡಲೇ, ಇನ್ನಾ ಏರತೈತಿ’ ಎಂದು ಇಡೀ ಚಿತ್ರಮಂದಿರಕ್ಕೆ ಮಾರುಕಟ್ಟೆ ವರದಿ ಓದುತ್ತಿದ್ದರು. ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಅಜ್ಜಿಯೊಬ್ಬರಿಗೆ ಕನ್ನಡ ಅಷ್ಟಾಗಿ ತಿಳಿಯದು. ಪ್ರತಿ ಮಾತಿಗೂ ಮೊಮ್ಮಗಳನ್ನು ತಿವಿದು ಅರ್ಥ ಕೇಳುತ್ತಿದ್ದರು, ಅವಳು ಜೋರಾಗಿ ಹೇಳುತ್ತಿದ್ದಳು. ಆ ಸಾಲಿನವರೆಲ್ಲ ಅರ್ಧ ಬಂಗಾಳಿ ಕಲಿತರು. ಇದೆಲ್ಲ ನನಗೆ ತಲೆನೋವಾಗಿತ್ತು, ಆದರೆ ಇದರಿಂದ ಯಾರೂ ಸಾಯುವುದಿಲ್ಲ. ಇಂಥವರನ್ನು ಸುಮ್ಮನಿರಿಸಲು ನಿಮ್ಮ ಕಚೇರಿಯ ಆದೇಶವೂ ಬೇಕಿಲ್ಲ, ನನ್ನಂಥ ಒಬ್ಬ ಮುದುಕ ಸಾಕು.

ನಾನು ದೂರುತ್ತಿರುವುದು ಮೊದಲ ದಿನದ ಮೊದಲ ಆಟದ ಬಗ್ಗೆ.

ಆ ದಿನ ಸಿಂಧನೂರಿನವರು ಮಾತ್ರ ಬರುವುದಿಲ್ಲ. ಮಸ್ಕಿ, ಲಿಂಗಸುಗೂರು, ಸುತ್ತಲಿನ ಕ್ಯಾಂಪುಗಳಿಂದ ಬೈಕಿಗೆ ಮೂವರಂತೆ ಬರುತ್ತಾರೆ. ಒಳಗೆ ಪರದೆಯ ಮುಂದೆ ತೆಂಗಿನಕಾಯಿ ಒಡೆಯುತ್ತಾರೆ, ಕರ್ಪೂರ ಹಚ್ಚುತ್ತಾರೆ, ಚೀಲಗಟ್ಟಲೆ ಹರಿದ ಕಾಗದ ತೂರುತ್ತಾರೆ, ಬಣ್ಣದ ಹೊಗೆಯ ಕಡ್ಡಿ ಹೊತ್ತಿಸುತ್ತಾರೆ. ನಾಯಕ ಬರುವ ಹಾಡಿಗೆ ಎಡಗಡೆಯ ಬಾಗಿಲ ಬಳಿ ಇರುವವರದೊಂದು ವಿಶೇಷ ಸೇವೆಯಿದೆ. ಆ ಬಾಗಿಲಿನ ಒಳಮೈಗೆ ತಗಡು ಹೊಡೆದಿದೆ. ಅದನ್ನು ಎರಡೂ ಕೈಯಿಂದ ಬಡಿದು ತಾಳ ಹಾಕುತ್ತಾರೆ, ಉಳಿದವರು ಚಪ್ಪಾಳೆ ಸೇರಿಸುತ್ತಾರೆ. ಹತ್ತು ವರ್ಷದಿಂದ ನಡೆದು ಬಂದ ಪದ್ಧತಿ ಇದು. ಹೊರಗೆ ಓಣಿಯಲ್ಲಿ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದ ನನಗೆ ಆ ಬಡಿತ ಕೇಳಿದರೆ ಹೀರೋ ಬಂದ ಎಂದು ಅರ್ಥ. ಸಿನಿಮಾ ನೋಡದೆಯೇ ಎಷ್ಟು ಹೊತ್ತಿಗೆ ಬಂದ ಎಂದು ಹೇಳುತ್ತಿದ್ದೆ.

ಬಾಗಿಲಿಗೆ ಸರಪಳಿ ಯಾಕೆ ಬಂತು ಎಂದು ನೀವು ಒಮ್ಮೆಯೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಒಬ್ಬ ಟಿಕೆಟ್ ತೆಗೆದುಕೊಂಡು ಒಳಗೆ ಹೋಗಿ, ಆ ಬಾಗಿಲಿನ ಚಿಲಕ ತೆಗೆದು, ಓಣಿಯಲ್ಲಿ ಕಾಯುತ್ತಿದ್ದ ಹತ್ತು ಗೆಳೆಯರನ್ನು ಒಳಗೆ ಬಿಟ್ಟುಕೊಳ್ಳುವುದು ನಮ್ಮ ಕಡೆ ಹಳೆಯ ಆಟ. ಅದನ್ನು ತಡೆಯಲು ಹೊರಗಿನಿಂದ ಸರಪಳಿ ಹಾಕೋಣ ಎಂದು ಸಲಹೆ ಕೊಟ್ಟವನು ಮಾಲೀಕನಲ್ಲ, ಮ್ಯಾನೇಜರ್ ಅಲ್ಲ. ಅದು ನಾನು. ಎಮ್ಮೆ ಕಟ್ಟುವ ಸರಪಳಿಯನ್ನು ಮಸ್ಕಿಯ ಸಂತೆಯಲ್ಲಿ ಆರಿಸಿ, ಎಳೆದು ನೋಡಿ, ಗಟ್ಟಿಯಿದೆ ಎಂದು ಖಾತ್ರಿ ಮಾಡಿಕೊಂಡು ತಂದವನೂ ನಾನೇ. ‘ಭಾರಿ ಐಡಿಯಾ ಮಾಡಿದಿ ನೋಡಪಾ ಅಯ್ಯಪ್ಪ’ ಎಂದು ಮ್ಯಾನೇಜರ್ ಕರಿಬಸಯ್ಯನವರು ಬೆನ್ನು ತಟ್ಟಿದ್ದರು. ಕೀಲಿ ನನ್ನ ಉಡದಾರದಲ್ಲಿತ್ತು. ನಾನು ಹೊರಗೇ ಕೂತಿರುತ್ತೇನಲ್ಲ, ಏನಾದರೂ ಆದರೆ ಒಳಗಿನವರು ಬಡಿಯುತ್ತಾರೆ, ನಾನು ತೆಗೆಯುತ್ತೇನೆ ಎಂದು ಲೆಕ್ಕ ಹಾಕಿದ್ದೆ. ಹತ್ತು ವರ್ಷದಿಂದ ಆ ಬಾಗಿಲನ್ನು ಬಡಿಯುತ್ತಲೇ ಇದ್ದಾರೆ ಎಂಬುದು ಮಾತ್ರ ನನ್ನ ತಲೆಗೆ ಹೊಳೆಯಲಿಲ್ಲ.

ಹೋದ ವರ್ಷದ ಶ್ರಾವಣ. ಅದೂ ಶುಕ್ರವಾರ, ಅದೂ ಒಂಬತ್ತೂವರೆಯ ಆಟ. ಕಾಗದಕ್ಕೆ ಕರ್ಪೂರ ತಗುಲೀತು ಎಂಬ ಭಯ ಕರಿಬಸಯ್ಯನವರಿಗೂ ಇತ್ತು ಎನ್ನಿ. ಅದಕ್ಕೆ ಅವರು ಮಾಡಿದ ಮುಂಜಾಗ್ರತೆ ಎಂದರೆ, ಪಕೀರಮ್ಮನ ಕೈಗೆ ಕಸಬರಿಗೆ ಕೊಟ್ಟು ಪರದೆಯ ಎಡಮೂಲೆಯಲ್ಲಿ ನಿಲ್ಲಿಸಿದ್ದು. ಜನ ಕಾಗದ ತೂರಿದ ಹಾಗೆ ಅವಳು ಗುಡಿಸಿ ಗುಡಿಸಿ ಮೂಲೆಗೆ ಒಟ್ಟಬೇಕು. ಒಟ್ಟಿದಳು. ಹಾಡು ಶುರುವಾಗುವ ಹೊತ್ತಿಗೆ ಅವಳ ಮೊಳಕಾಲಿನ ಎತ್ತರ ಕಾಗದದ ರಾಶಿ ಬಿದ್ದಿತ್ತು. ಯಾರೋ ಎಸೆದ ಹೊಗೆಯ ಕಡ್ಡಿ ಆ ರಾಶಿಯೊಳಗೆ ಬಿತ್ತು. ಕಾಗದ ಉರಿದು, ಪರದೆಯ ಪಕ್ಕದ ಕರಿಬಟ್ಟೆಗೆ ಹತ್ತಿಕೊಂಡಿತು.

ಮುಂಬಾಗಿಲಿಗೂ ಅವಳಿಗೂ ನಡುವೆ ಕುಣಿಯುತ್ತಿದ್ದ ಮುನ್ನೂರು ಜನ. ಎಡಗಡೆಯ ಬಾಗಿಲು ನಾಲ್ಕು ಹೆಜ್ಜೆ. ಓಡಿ ಹೋಗಿ ತಳ್ಳಿದಳು, ಬರಲಿಲ್ಲ. ಬಡಿದಳು. ‘ಬಾಗಲಾ ತಗೀರಿ’ ಎಂದು ಕೂಗಿದಳು. ಪಕ್ಕದ ಹುಡುಗರಿಗೆ ಅದು ಕೇಳಿಸಿತು, ಮಾನ್ಯರೇ. ಕೇಳಿಸಲಿಲ್ಲ ಎಂದು ಅವರ ಮೇಲೆ ಸುಳ್ಳು ಹೇಳಲಾರೆ. ಕೇಳಿಸಿ, ಖುಷಿಯಾಗಿ, ಚಪ್ಪಾಳೆ ಸೇರಿಸಿದರು. ಅವಳು ‘ತಗೀರಿ, ತಗೀರಿ’ ಎಂದ ಹಾಗೆ ಅವರೂ ಅದನ್ನೇ ಹಾಡಿಗೆ ಕೂಡಿಸಿ ಕೂಗಿದರು. ಹಿಂದಿನ ಸಾಲುಗಳು ಎತ್ತಿಕೊಂಡವು. ಇನ್ನೂರು ಮುನ್ನೂರು ಗಂಡಸರು ನನ್ನ ಹೆಂಡತಿಯ ಚೀರಾಟವನ್ನು ಹಾಡಿದರು. ಹೊಗೆ ನೋಡಿ ಹೆದರಬೇಕಿತ್ತಲ್ಲ ಎನ್ನುತ್ತೀರಾ? ಬಣ್ಣದ ಹೊಗೆ ಅರ್ಧ ತಾಸಿನಿಂದ ತುಂಬಿತ್ತು. ಇನ್ನೊಂದಿಷ್ಟು ಹೊಗೆಗೆ ಯಾರು ಹೆದರುತ್ತಾರೆ?

ನಾನು ಹೊರಗೆ, ಆ ಬಾಗಿಲಿನಿಂದ ಎರಡು ಮಾರು ದೂರದಲ್ಲಿ, ಸ್ಟೂಲಿನ ಮೇಲೆ ಕೂತಿದ್ದೆ. ಬಡಿತ ಕೇಳಿತು. ಹೀರೋ ಬಂದ ಅಂದುಕೊಂಡೆ. ಈ ಸಲ ಹುಡುಗರು ಭಾರಿ ಜೋರು ಅಂದುಕೊಂಡೆ. ಇನ್ನೊಂದನ್ನೂ ಹೇಳಿಬಿಡುತ್ತೇನೆ, ಅನುಪಮಾ ಇದನ್ನು ಹೊಡೆದು ಹಾಕಿದ್ದಳು, ನಾನೇ ಮತ್ತೆ ಬರೆದಿದ್ದೇನೆ. ಆ ಬಡಿತಕ್ಕೆ ನಾನು ಕಾಲಿನಿಂದ ತಾಳ ಹಾಕುತ್ತಿದ್ದೆ. ಮೂವತ್ತು ವರ್ಷ ನನ್ನ ಜೊತೆ ಬಾಳಿದವಳ ಕೈಯ ಬಡಿತ ಅದು.

ಉಳಿಸಿದ್ದು ಕ್ಯಾಂಟೀನಿನ ಉಸ್ಮಾನ್‌ಸಾಬ್. ಅವರ ಕಿವಿ ಮಂದ. ಅದಕ್ಕೇ ಇರಬೇಕು, ಮೂಗು ಚುರುಕು. ಚಹಾದ ಸೌಟು ಹಿಡಿದುಕೊಂಡೇ ಓಡಿ ಬಂದರು. ‘ಅಯ್ಯಪ್ಪಣ್ಣ, ಇದು ಕರ್ಪೂರ ಅಲ್ಲ. ಅರಿವಿ ಸುಟ್ಟ ವಾಸನಿ ಬರಾಕತ್ತೈತಿ. ಕೀಲಿ ತಗಿ, ಜಲ್ದಿ ತಗಿ!’ ನಾನು ಕೀಲಿ ತೆಗೆದು ಬೀಗಕ್ಕೆ ಹಾಕಿದೆ. ಅವಸರಕ್ಕೆ ಎರಡು ಸಲ ತಪ್ಪಿತು. ಬಾಗಿಲು ತೆರೆದ ಕೂಡಲೇ ಅವಳು ನನ್ನ ಮೇಲೆ ಬಿದ್ದಳು. ಉಸ್ಮಾನ್‌ಸಾಬರು ಕ್ಯಾಂಟೀನಿನ ನೀರಿನ ಡ್ರಮ್ಮನ್ನೇ ಉರುಳಿಸಿಕೊಂಡು ಬಂದು ಬಟ್ಟೆಯನ್ನು ಆರಿಸಿದರು. ಸಿನಿಮಾ ನಿಲ್ಲಲಿಲ್ಲ. ಬಾಲ್ಕನಿಯಲ್ಲಿದ್ದವರಿಗೆ ಗೊತ್ತೂ ಆಗಲಿಲ್ಲ. ಕೆಳಗಿದ್ದವರು, ಬಾಗಿಲು ತೆರೆದು ಬಿಸಿಲು ಪರದೆಯ ಮೇಲೆ ಬಿದ್ದದ್ದಕ್ಕೆ ನನ್ನನ್ನು ಬೈದರು.

ಪಕೀರಮ್ಮ ಬದುಕಿದಳು. ಬಲಗೈಯ ಎರಡು ಬೆರಳು ಈಗ ಮಡಚುವುದಿಲ್ಲ. ಕೂಗಿ ಕೂಗಿ, ಬಿಸಿ ಹೊಗೆ ಕುಡಿದು ಗಂಟಲು ಹೋಯಿತು. ತಿಂಗಳೊಪ್ಪತ್ತಿನಲ್ಲಿ ದನಿ ಬರಬಹುದು ಎಂದು ಡಾಕ್ಟರು ಹೇಳಿದ್ದರು, ಬರಲಿಲ್ಲ. ಓಣಿಯ ಈ ತುದಿಯಿಂದ ಕೂಗಿದರೆ ಆ ತುದಿಯ ಕೋಳಿಗಳು ಹಾರುತ್ತಿದ್ದ ಗಂಟಲು ಅದು. ಈಗ ಪಕ್ಕದಲ್ಲಿ ಕೂತರೂ ಬಗ್ಗಿ ಕೇಳಬೇಕು. ನನಗೆ ಬೈಯುವುದಿದ್ದರೂ ಪಿಸುಗುಟ್ಟಿ ಬೈಯುತ್ತಾಳೆ. ಅದನ್ನು ಕೇಳಿದಾಗ ನನಗೆ ಅಳು ಬರುತ್ತದೆ.

ಒಬ್ಬ ಹುಡುಗ ಆ ಹೊತ್ತನ್ನು ಮೊಬೈಲಿನಲ್ಲಿ ಹಿಡಿದಿದ್ದಾನೆ. ಮೂವತ್ತು ಸೆಕೆಂಡಿನ ರೀಲು. ಎಡಮೂಲೆಯಲ್ಲಿ ಹೊಗೆಯ ನಡುವೆ ಹಸಿರು ಸೀರೆಯ ಒಬ್ಬ ಹೆಂಗಸಿನ ಬೆನ್ನು, ಎತ್ತಿದ ಎರಡು ಕೈ, ಸುತ್ತ ಕುಣಿಯುವ ಜನ. ಮೇಲೆ ‘ನಮ್ಮೂರ ಹಬ್ಬ’ ಎಂದು ಬರೆದಿದ್ದಾನೆ. ಕೆಳಗೆ ನೂರಾರು ಮೆಚ್ಚುಗೆ. ಅನುಪಮಾ ಶಾಲೆಯ ಸ್ಟಾಫ್ ರೂಮಿನಲ್ಲಿ ಯಾರದೋ ಫೋನಿನಲ್ಲಿ ಇದನ್ನು ಕಂಡಳು. ಸಹೋದ್ಯೋಗಿಗಳು ನಗುತ್ತಿದ್ದರಂತೆ. ‘ಆಕಿ ನಮ್ಮವ್ವ’ ಎಂದಳಂತೆ. ಆ ಫೋನು ಇಸಿದುಕೊಂಡು ರೀಲನ್ನು ತನ್ನ ಫೋನಿಗೆ ಕಳಿಸಿಕೊಂಡಳಂತೆ. ಆ ರೀಲನ್ನು ಎರಡನೆಯ ಅರ್ಜಿಯ ಜೊತೆ ನಿಮ್ಮ ಕಚೇರಿಗೆ ಕಳಿಸಿದ್ದೇನೆ. ನೋಡಿದಿರಾ? ನೋಡಿ ನೀವೂ ಒಂದು ಮೆಚ್ಚುಗೆ ಒತ್ತಿದಿರಾ?

ಕರಿಬಸಯ್ಯನವರ ಬಳಿ ಹೋಗಿ ಸರಪಳಿ ತೆಗೆಯೋಣ ಎಂದೆ. ‘ಸತ್ತವ್ರ ಯಾರೂ ಇಲ್ಲಲ್ಲೋ ಅಯ್ಯಪ್ಪ? ಮತ್ತ್ಯಾಕ ಸುದ್ದಿ ಎಬ್ಬಸ್ತಿ?’ ಎಂದರು. ‘ಸಾಯೋತನಕ ಕಾಯಬೇಕೇನ್ರಿ ಅಯ್ಯಾರ?’ ಎಂದೆ. ‘ಐಡಿಯಾ ನಿಂದ, ಕೀಲಿ ನಿನ್ನ ಕೈಯಾಗ ಇತ್ತು. ಕೇಸಾದ್ರ ಮೊದ್ಲು ನಿನ್ನ ಹೆಸರ ಬರತೈತಿ, ನೆಪ್ಪಿಟ್ಕೊ’ ಎಂದರು. ಅವರ ಮಾತು ಸುಳ್ಳಲ್ಲ. ಅಂದೇ ಕೆಲಸ ಬಿಟ್ಟೆ, ಮನೆಗೆ ಬಂದು ನಿಮಗೆ ಮೊದಲ ಅರ್ಜಿ ಬರೆದೆ, ಅದರಲ್ಲಿ ನನ್ನ ತಪ್ಪನ್ನೇ ಮೊದಲು ಬರೆದೆ. ಬರುವ ಕೇಸು ಬರಲಿ, ಬಾಗಿಲಂತೂ ತೆರೆಯಲಿ ಎಂದು.

ಮೊದಲ ಅರ್ಜಿಗೆ ಉತ್ತರವಿಲ್ಲ. ಎರಡನೆಯದರ ಗತಿ ಕೇಳಲು ಬಂದಾಗ ನಿಮ್ಮ ಗುಮಾಸ್ತರು ಕತ್ತೆತ್ತದೆ, ‘ಮ್ಯಾಲಕ ಹೋಗ್ಯಾದ’ ಎಂದರು. ‘ಕೆಳಗ ಯಾವಾಗ ಬರತೈತ್ರಿ?’ ಎಂದೆ. ‘ಅದು ಮ್ಯಾಲಿನವ್ರಿಗೆ ಗೊತ್ತು’ ಎಂದರು. ನಿಮ್ಮ ಕಚೇರಿಗೆ ಮಹಡಿಯೇ ಇಲ್ಲ. ಮೇಲೆ ಪಾರಿವಾಳಗಳಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೂರನೆಯ ಅರ್ಜಿಯ ನಂತರ ತಪಾಸಣೆ ಆಯಿತು. ಹಿಂದಿನ ದಿನವೇ ಫೋನು ಮಾಡಿ ಬಂದಿರಿ, ಅದು ನಿಮ್ಮ ದೊಡ್ಡ ಗುಣ. ಬೆಳಿಗ್ಗೆ ಸರಪಳಿ ಮಾಯವಾಗಿತ್ತು. ಎಲೆಯಡಿಕೆ ಉಗುಳಿ ಕೆಂಪಾಗಿದ್ದ ಬಕೆಟ್ಟುಗಳಿಗೆ ಹೊಸ ಮರಳು ಬಿದ್ದಿತ್ತು. ಗುಡಿಸಿ ಸಾರಿಸಿದವಳು ಪಕೀರಮ್ಮನೇ. ನಿಮ್ಮವರು ಮ್ಯಾನೇಜರ್ ಕೋಣೆಯಲ್ಲಿ ಕೂತು, ಮಿರ್ಚಿ ತಿಂದು, ಕೈ ಒರೆಸಿಕೊಂಡು, ‘ವ್ಯವಸ್ಥೆ ತೃಪ್ತಿಕರ’ ಎಂದು ಬರೆದುಕೊಂಡು ಹೋದರು. ನಿಮ್ಮ ಜೀಪು ಗಾಂಧಿ ವೃತ್ತ ದಾಟುವ ಮೊದಲೇ ಸರಪಳಿ ತನ್ನ ಜಾಗಕ್ಕೆ ಬಂದಿತ್ತು.

ಹದಿನೈದು ದಿನಕ್ಕೆ ನಿಮ್ಮ ಆದೇಶ ಬಂತು. ‘ಪ್ರೇಕ್ಷಕರ ಅಶಿಸ್ತಿನ ವರ್ತನೆಯಿಂದ ಉಂಟಾಗುತ್ತಿರುವ ಶಬ್ದಕ್ಕೆ ಸಂಬಂಧಿಸಿದಂತೆ, ಶಾಂತತೆ ಕಾಪಾಡುವ ಕುರಿತು ಎಲ್ಲರಿಗೂ ಕಾಣುವ ಸ್ಥಳದಲ್ಲಿ ದೊಡ್ಡ ಫಲಕ ಅಳವಡಿಸತಕ್ಕದ್ದು.’ ನಾನು ಬಾಗಿಲಿನ ಬಗ್ಗೆ ಬರೆದೆ, ನೀವು ಶಬ್ದದ ಬಗ್ಗೆ ಓದಿದಿರಿ. ಎಲ್ಲರಿಗೂ ಕಾಣುವ ಸ್ಥಳ ಯಾವುದು? ಪರದೆಯ ಪಕ್ಕ. ಪರದೆಯ ಪಕ್ಕ ಏನಿದೆ? ಎಡಗಡೆಯ ಬಾಗಿಲು. ಬಡಗಿ ಬಂದು, ಅಳತೆ ನೋಡಿ, ಎರಡೂ ಕದಗಳ ಮೇಲೆ ಫಲಕವಿಟ್ಟು ಹನ್ನೆರಡು ಮೊಳೆ ಹೊಡೆದ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ಗಾದೆಯಿದೆ. ನಮ್ಮಲ್ಲಿ ಜನರನ್ನು ಒಳಗೆ ತುಂಬಿ ದಿಡ್ಡಿ ಬಾಗಿಲು ಹಾಕಿದ್ದೇವೆ, ಅದಕ್ಕೆ ಸರ್ಕಾರದ ಮುದ್ರೆ ಬೇರೆ. ಏಳುನೂರು ಬಾಯಿಗಳನ್ನು ಮುಚ್ಚಿಸಲು ಹೊರಟವರಿಗೆ ಒಂದು ಬಾಗಿಲನ್ನು ತೆರೆಸಲು ಆಗಲಿಲ್ಲವೇ?

ನಿಮಗೆ ಈಗಲೂ ವಿಷಯ ಅರ್ಥವಾಗಿದೆಯೋ ಇಲ್ಲವೋ ಎಂಬ ಅನುಮಾನದಿಂದ ಬಿಡಿಸಿ ಬರೆಯುತ್ತೇನೆ. ಆಪತ್ತಿನಲ್ಲಿ ಮನುಷ್ಯ ಏನು ಮಾಡುತ್ತಾನೆ? ಕೂಗುತ್ತಾನೆ. ಅಲ್ಲಿ ಎಲ್ಲರೂ ಕೂಗುತ್ತಿರುತ್ತಾರೆ. ಸೀಟಿ ಹೊಡೆಯುತ್ತಾನೆ. ಅಲ್ಲಿ ಎಲ್ಲರ ಬಾಯಲ್ಲೂ ಸೀಟಿ. ಬಾಗಿಲು ಬಡಿದರೆ ತಾಳ, ಬೆಳಕು ಬೀಸಿದರೆ ಎಲ್ಲರ ಕೈಯಲ್ಲೂ ಮೊಬೈಲು, ಓಡಿದರೆ ಕುಣಿತ, ಬಿದ್ದರೆ ನಗು. ಸಂಕಟದ ಒಂದೊಂದು ಗುರುತನ್ನೂ ನಾವು ಮೋಜಿಗೆ ಕೊಟ್ಟುಬಿಟ್ಟಿದ್ದೇವೆ. ಆ ಚಿತ್ರಮಂದಿರದಲ್ಲಿ ಸಾಯುವವನ ಬಳಿ ಬೇರೆ ಯಾವ ಗುರುತೂ ಉಳಿದಿಲ್ಲ. ಗಲಾಟೆಯನ್ನು ನೀವು ನಿಲ್ಲಿಸಲಾರಿರಿ, ನಾನೂ ನಿಲ್ಲಿಸಲಾರೆ. ಅದಕ್ಕೇ ಗಲಾಟೆ ಇರುವ ಕಡೆ ಬಾಗಿಲು ತಾನಾಗಿ ತೆರೆಯುವಂತಿರಬೇಕು, ಯಾರ ಕಿವಿಯನ್ನೂ ನಂಬುವಂತಿರಬಾರದು. ಇಪ್ಪತ್ತಾರು ವರ್ಷದ ನನ್ನ ಕಿವಿಯೇ ನನಗೆ ಮೋಸ ಮಾಡಿತು.

ಪಕೀರಮ್ಮ ಕೆಲಸ ಬಿಟ್ಟಿಲ್ಲ. ಇದು ನಿಮಗೆ ವಿಚಿತ್ರ ಅನಿಸಬಹುದು, ನನಗೂ ಅನಿಸಿತ್ತು. ನಾನು ಬಿಡು ಎಂದೆ, ಮಗಳು ಕಾಲು ಹಿಡಿದಳು. ಅವಳು ಪಿಸುಗುಟ್ಟಿದ್ದು ಇಷ್ಟು: ‘ನಾ ಬಿಟ್ರ ಬ್ಯಾರೆ ಯಾವಾಕಿನೋ ತಂದು ಆ ಮೂಲ್ಯಾಗ ನಿಂದರಸ್ತಾರ. ಆಕಿಗೆ ಆ ಬಾಗಲದ ಸುದ್ದಿ ಗೊತ್ತಿರಂಗಿಲ್ಲ.’ ಬರುವ ಶುಕ್ರವಾರವೂ ಅವಳ ಜಾಗ ಅದೇ ಎಡಮೂಲೆ, ಕೈಯಲ್ಲಿ ಅದೇ ಕಸಬರಿಗೆ. ಸರ್ಕಾರದ ಯಾವ ಆದೇಶವೂ ಇಲ್ಲದೆ ಒಬ್ಬ ಕಸ ಗುಡಿಸುವ ಹೆಂಗಸು ಇಷ್ಟು ಜವಾಬ್ದಾರಿ ಹೊತ್ತಿದ್ದಾಳೆ. ಊರು ಸುಟ್ಟರೂ ಹನುಮಪ್ಪ ಹೊರಗೆ ಎಂಬಂತೆ ಕೂತವರು ಇದನ್ನು ಎರಡು ಸಲ ಓದಿಕೊಳ್ಳಿ.

ಅವಳಿಗೆ ದನಿಯಿಲ್ಲ. ಅನುಪಮಾ ಶಾಲೆಯ ಪಿ.ಟಿ. ಮಾಸ್ತರರಿಂದ ಒಂದು ಸೀಟಿ ತಂದು ಅವ್ವನ ಕೊರಳಿಗೆ ಹಾಕಿದಳು. ಹಾಕಿದ ಮೇಲೆ ಇಬ್ಬರೂ ಮುಖ ಮುಖ ನೋಡಿಕೊಂಡರು. ಏಳುನೂರು ಸೀಟಿಗಳ ನಡುವೆ ಇದೊಂದು ಸೀಟಿಯನ್ನು ಯಾರು ಕೇಳುತ್ತಾರೆ? ಸುಮ್ಮನೆ ತೆಗೆದು ಗೂಟಕ್ಕೆ ನೇತು ಹಾಕಿದಳು. ಕೊನೆಗೆ ನಾವು ಮೂವರೂ ಕೂತು ಯೋಚಿಸಿ ಒಂದು ದಾರಿ ಕಂಡುಕೊಂಡಿದ್ದೇವೆ. ಆ ಬಾಗಿಲಿನ ಕೆಳಗೆ ಎರಡು ಬೆರಳಿನಷ್ಟು ಸಂದಿಯಿದೆ. ಅದರಲ್ಲಿ ಒಂದು ಸೆಣಬಿನ ಹುರಿ ತೂರಿಸುವುದು. ಒಂದು ತುದಿ ಒಳಗೆ ಅವಳ ಸೊಂಟದಲ್ಲಿ, ಇನ್ನೊಂದು ತುದಿ ಹೊರಗೆ ಓಣಿಯಲ್ಲಿ ನನ್ನ ಮಣಿಕಟ್ಟಿನಲ್ಲಿ. ಅವಳು ಜಗ್ಗಿದರೆ ನಾನು ಸರಪಳಿ ಬಿಚ್ಚುವುದು, ಎರಡು ಕದಗಳ ಸಂದಿಗೆ ಹೊರಗಿನಿಂದಲೇ ಹಾರೆ ಹಾಕಿ ಮೀಟಿ ನಿಮ್ಮ ಫಲಕದ ಮೊಳೆ ಕೀಳುವುದು. ಹನ್ನೆರಡು ಮೊಳೆಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅವಳು ಒಳಗೆ ಕಾಯುವುದು. ಏಳುನೂರು ಜನರ ಜೀವರಕ್ಷಣೆಗೆ ಸಿಂಧನೂರಿನಲ್ಲಿ ಸದ್ಯ ಇರುವ ವ್ಯವಸ್ಥೆ ಇದು. ತೃಪ್ತಿಕರವೇ?

ಮೊನ್ನೆ ಗುರುವಾರ ಬೆಳಿಗ್ಗೆ, ಚಿತ್ರಮಂದಿರ ಖಾಲಿ ಇದ್ದಾಗ ಕರಿಬಸಯ್ಯನವರ ಕಣ್ಣು ತಪ್ಪಿಸಿ ಒಮ್ಮೆ ಮಾಡಿ ನೋಡಿದೆವು. ಅವಳು ಒಳಗೆ ಹೋದಳು. ನಾನು ಓಣಿಯಲ್ಲಿ ಹಳೆಯ ಜಾಗದಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಹುರಿ ಜಗ್ಗಿತು. ಒಂದು ಸಲ, ಎರಡು ಸಲ, ಮೂರು ಸಲ. ನನಗೆ ಸಮಾಧಾನವಾಯಿತು. ಹೊರಗೆ ಬಂದಮೇಲೆ ‘ಚಲೋ ಗೊತ್ತಾಗತೈತಿ ನೋಡು, ಇದಕ್ಕ ಮೋಸ ಇಲ್ಲ’ ಎಂದೆ. ಅವಳು ಹುರಿಯನ್ನು ಸುತ್ತುತ್ತಾ ನಿಂತಳು. ಮಡಚದ ಬೆರಳುಗಳಿಂದ ಸುತ್ತಲು ಹೊತ್ತು ಹಿಡಿಯುತ್ತದೆ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು: ‘ಹುಡುಗ್ರ ಕಣ್ಣಿಗೆ ಬಿದ್ರ ಇದನ್ನೂ ಜಗ್ಗತಾರ. ಹಾಡಿಗಿ.’

ಅಂದಿನಿಂದ ನನಗೆ ನಿದ್ದೆಯಿಲ್ಲ, ಮಾನ್ಯರೇ. ಇವತ್ತು ಶನಿವಾರ, ನಿಮಗೆ ಇನ್ನು ಆರು ದಿನವಿದೆ. ನಾನು ಕೇಳುವುದು ಪರಿಹಾರವಲ್ಲ, ತನಿಖೆಯಲ್ಲ, ನನ್ನ ಹೆಂಡತಿಯ ದನಿಯೂ ಅಲ್ಲ, ಅದು ನಿಮ್ಮ ಕೈಯಲ್ಲಿಲ್ಲ. ಗುರುವಾರ ಸಂಜೆಯೊಳಗೆ ಆ ಸರಪಳಿಯನ್ನು ತೆಗೆಸಿ, ಫಲಕವನ್ನು ಕೀಳಿಸಿ ಗೋಡೆಗೆ ಹಾಕಿಸಿ, ಬಾಗಿಲು ಒಳಗಿನಿಂದ ತಳ್ಳಿದರೆ ತೆರೆಯುತ್ತದೆಯೇ ಎಂದು ನಿಮ್ಮ ಸ್ವಂತ ಕೈಯಿಂದ ತಳ್ಳಿ ನೋಡಿ. ಫೋನು ಮಾಡದೆ ಬನ್ನಿ. ಆಗುವುದಿಲ್ಲವಾದರೆ ಶುಕ್ರವಾರ ಒಂಬತ್ತೂವರೆಗೆ ಸಂಸಾರ ಸಮೇತ ಬಂದು ಎಡಮೂಲೆಯ ಮೊದಲ ಸಾಲಿನಲ್ಲಿ ಕುಳಿತುಕೊಳ್ಳಿ. ಸರಪಳಿಯ ಎರಡು ಕೀಲಿಗಳಲ್ಲಿ ಒಂದು ಕೆಲಸ ಬಿಟ್ಟ ದಿನ ನನ್ನ ಉಡದಾರದಲ್ಲೇ ಉಳಿದಿತ್ತು. ಅದರ ನಕಲು ಮಾಡಿಸಿ, ನಿಮ್ಮ ಕಚೇರಿಗೆ ಹೋಗುವ ಈ ಪತ್ರದ ಪ್ರತಿಯ ಜೊತೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ಇನ್ನು ಮುಂದೆ ಕೀಲಿ ನಿಮ್ಮ ಕೈಯಲ್ಲೂ ಇದೆ. ಬಡಿತ ಕೇಳಿಸಿದರೆ, ಅದು ಹಾಡಿನದು ಅಂದುಕೊಳ್ಳುವ ಹಕ್ಕು ನಿಮಗೂ ಇಲ್ಲ, ನನಗೂ ಇಲ್ಲ.

ಇಂತಿ,
ಹೆಂಡತಿ ಬಾಗಿಲು ಬಡಿಯುತ್ತಿದ್ದಾಗ ಹೊರಗೆ ಕೂತು ಕಾಲಿನಿಂದ ತಾಳ ಹಾಕಿದವನು,
ಅಯ್ಯಪ್ಪ, ಮಸ್ಕಿ
(ಶುಕ್ರವಾರ ಬೆಳಿಗ್ಗೆ ಎಂಟರಿಂದ ಆಟ ಮುಗಿಯುವವರೆಗೆ: ಎಡಗಡೆಯ ಬಾಗಿಲಿನ ಹೊರಗೆ, ಓಣಿಯಲ್ಲಿ, ಕೈಗೆ ಹುರಿ ಕಟ್ಟಿಕೊಂಡು)